ವಾರಕ್ಕೊಂದು ಕಂಬ

ಬೇಡದೆಯೇ ಭಿಕ್ಷೆ ಸಿಕ್ಕವರು ಈ ಊರಿನಲ್ಲಿ ಎಷ್ಟು ಜನರಿದ್ದಾರೋ ನನಗೆ ಗೊತ್ತಿಲ್ಲ. ನಾನೊಬ್ಬನಿದ್ದೇನೆ.

ನಾಲ್ಕು ತಿಂಗಳ ಹಿಂದಿನ ಮಾತು. ಬೆಳಗಿನ ಏಳು ಗಂಟೆ. ಧಾರವಾಡದಿಂದ ಕೆಲಗೇರಿಯ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ, ನಮ್ಮ ಮನೆಯಿಂದ ಮೂರನೆಯ ತಂತಿ ಕಂಬದ ಬುಡಕ್ಕೆ ಬೆನ್ನು ಕೊಟ್ಟು ಕೂತಿದ್ದೆ. ಧೋತರ ಉಟ್ಟಿದ್ದೆ, ಕೋಟು ಹಾಕಿದ್ದೆ. ಕರಿ ಟೊಪ್ಪಿಗೆಯನ್ನು ತೆಗೆದು ಪಕ್ಕದಲ್ಲಿ ಅಂಗಾತ ಇಟ್ಟಿದ್ದೆ. (ತಪ್ಪು ನನ್ನದೇ.) ಬುಟ್ಟಿ ಹೊತ್ತು ಸಂತೆಗೆ ಹೊರಟಿದ್ದ ಹೆಂಗಸೊಬ್ಬಳು ನಿಂತಳು, ನನ್ನನ್ನು ನೋಡಿದಳು, ಟೊಪ್ಪಿಗೆಯನ್ನು ನೋಡಿದಳು, ಬುಟ್ಟಿ ಇಳಿಸಿ ಬುತ್ತಿಯ ಗಂಟು ಬಿಚ್ಚಿದಳು. ಅರ್ಧ ಜೋಳದ ರೊಟ್ಟಿ, ಅದರ ಮೇಲೆ ಗುರೆಳ್ಳು ಚಟ್ನಿ. ನನ್ನ ಟೊಪ್ಪಿಗೆಯಲ್ಲಿ ಇಟ್ಟಳು.

ನಾನು ಅಂಥವನಲ್ಲ ಎಂದು ಹೇಳಬೇಕೆಂದೆ. ಹೇಳುವಷ್ಟು ಉಸಿರು ಇರಲಿಲ್ಲ. ಆಕೆ, "ಇರ್ಲಿ, ತಿನ್ರಿ ಅಜ್ಜಾರ," ಎಂದು ಹೋದಳು.

ನನಗೆ ನಲವತ್ತಾರು.

ರೊಟ್ಟಿ ತಿಂದೆ. ಚೆನ್ನಾಗಿತ್ತು.

ಇಪ್ಪತ್ತು ವರ್ಷದಿಂದ ಕೋರ್ಟಿನಲ್ಲಿ ಕಾರಕೂನನಾಗಿರುವ, ವಾರಕ್ಕೊಮ್ಮೆ ಈ ಪತ್ರಿಕೆಯಲ್ಲಿ ನಿಮಗೆಲ್ಲ ಬುದ್ಧಿ ಹೇಳುವ ಮನುಷ್ಯ ಕಂಬದ ಬುಡಕ್ಕೆ ಹೇಗೆ ಬಂದ? ಅದನ್ನೇ ಈ ವಾರ ಹೇಳುತ್ತೇನೆ.

ನನಗೆ ದಮ್ಮು. ಹನ್ನೆರಡು ವರ್ಷವಾಯಿತು. ಆಡುಸೋಗೆಯ ಕಷಾಯ ಕುಡಿದಿದ್ದೇನೆ. ದತ್ತೂರಿ ಎಲೆಯ ಹೊಗೆ ಎಳೆದಿದ್ದೇನೆ. ಒಂದು ವರ್ಷ ಮೊಸರು ಬಿಟ್ಟೆ, ಒಂದು ವರ್ಷ ಬಾಳೆಹಣ್ಣು ಬಿಟ್ಟೆ. ದಮ್ಮು ಮಾತ್ರ ನನ್ನನ್ನು ಬಿಡಲಿಲ್ಲ.

ಹಳೆಯ ಡಾಕ್ಟರು ಹೇಳಿದ್ದು ಒಂದೇ ಮಾತು: ರೆಸ್ಟ್. ಅದನ್ನು ನನ್ನ ಹೆಂಡತಿ ಗಂಗಾಬಾಯಿ ಜಾರಿಗೆ ತಂದಳು. ನಾನು ಬಾವಿಯಿಂದ ನೀರು ಸೇದುವುದು ಬಂದ್. ಅಟ್ಟ ಹತ್ತುವುದು ಬಂದ್. ಒಂದು ದಿನ ನನ್ನ ಕೈಯಲ್ಲಿದ್ದ ತಾಮ್ರದ ಚೊಂಬನ್ನು, ಭಾರವಾದೀತೆಂದು ಕಸಿದುಕೊಂಡಳು. ಅದು ಖಾಲಿ ಇತ್ತು.

ಈ ರೆಸ್ಟಿನ ಮಜಾ ನೋಡಿ. ಮೊದಲು ಅಟ್ಟ ಹತ್ತಿದರೆ ದಮ್ಮು ಬರುತ್ತಿತ್ತು, ಹತ್ತುವುದನ್ನು ಬಿಟ್ಟೆ. ಆಮೇಲೆ ಅಂಗಳ ದಾಟಿದರೆ ಬರತೊಡಗಿತು. ದಾಟುವುದನ್ನು ಕಡಿಮೆ ಮಾಡಿದೆ. ಕಡೆಗೆ ಕೋಟಿನ ಗುಂಡಿ ಹಾಕಿಕೊಳ್ಳುವಾಗಲೂ ಬಂತು. ಗುಂಡಿ ಹಾಕಿಕೊಳ್ಳುವುದನ್ನು ಬಿಡೋಣವೆಂದರೆ, ಟಾಂಗಾದಲ್ಲಿ ಕೂತು ಹೋದರೂ ಕೋರ್ಟಿನಲ್ಲಿ ಒಪ್ಪುವುದಿಲ್ಲ.

ಹೀಗಿರುವಾಗ ಮುಂಬಯಿಯಲ್ಲಿ ಕಲಿತು ಬಂದ ಒಬ್ಬ ಹೊಸ ಡಾಕ್ಟರು ನಮ್ಮ ಪೇಟೆಯಲ್ಲಿ ದವಾಖಾನೆ ತೆರೆದರು. ತೆಳ್ಳಗಿನ ಮನುಷ್ಯ, ಸೈಕಲ್ ಮೇಲೆ ಓಡಾಡುತ್ತಾರೆ, ನಗುವುದು ಕಡಿಮೆ. ನನ್ನ ಎದೆಗೆ ಸ್ಟೆಥೊಸ್ಕೋಪು ಹಚ್ಚಿ ಬಹಳ ಹೊತ್ತು ಕೇಳಿದರು. ಎಷ್ಟು ದೂರ ನಡೆದರೆ ದಮ್ಮು ಹತ್ತುತ್ತದೆ ಎಂದರು. ಎರಡು ತಂತಿ ಕಂಬ ದಾಟಿದರೆ ಎಂದೆ.

"ಹಂಗಾರ ದಿನಾ ಒಂದು ಕಂಬ ನಡೀರಿ," ಎಂದರು.

ನಾನು ಚೇಷ್ಟೆ ಎಂದುಕೊಂಡೆ. ಅಲ್ಲ. ಆಗುವುದರಲ್ಲಿ ಅರ್ಧ ಮಾತ್ರ ನಡೆಯಬೇಕು, ಆದರೆ ದಿನಾ ನಡೆಯಬೇಕು, ವಾರಕ್ಕೊಂದು ಕಂಬ ಹೆಚ್ಚು ಮಾಡಬೇಕು. ಎದೆ ಬಿಗಿದ ದಿನ ಬಾಗಿಲ ತನಕವಾದರೂ ಹೋಗಿ ನಿಂತು ಬರಬೇಕು. ಮೈ ಹಗುರಾದ ದಿನ? ಆ ದಿನವೂ ಅಷ್ಟೇ. ಒಂದು ಹೆಜ್ಜೆ ಜಾಸ್ತಿ ಇಲ್ಲ.

"ಛಲೋ ದಿನದ ಬಗ್ಗೆ ಹುಷಾರಿರ್ರಿ," ಎಂದು ಕೈ ತೊಳೆಯುತ್ತ ಹೇಳಿದರು. "ಕೆಟ್ಟ ದಿನಾ ನಿಮ್ಮನ್ನ ಹಾಸಿಗಿ ಮ್ಯಾಲ ಹಾಕತದ, ಅಷ್ಟ. ಮೋಸಾ ಮಾಡೂದು ಛಲೋ ದಿನಾ."

ಔಷಧದ ಚೀಟಿಯ ಕೆಳಗೆ 'ಕಂಬ: ೧' ಎಂದು ಬರೆದುಕೊಟ್ಟರು. ಗಂಗಾ ಅದನ್ನು ತಿರುವಿ ಮುರುವಿ ನೋಡಿದಳು. ಇಂಥ ಡಾಕ್ಟರನ್ನು ಯಾರು ತೋರಿಸಿದರು ಎಂದು ಕೇಳಿದಳು.

ಒಂದು ಕಂಬ ನಡೆದು ವಾಪಸು ಬರುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತೇ? ಕಾಲಿಗಲ್ಲ, ಮುಖಕ್ಕೆ. ಓಣಿಯ ಜನರೆಲ್ಲ ಎದ್ದು ಹಲ್ಲುಜ್ಜುತ್ತ ಕಟ್ಟೆಯ ಮೇಲೆ ಕೂತಿರುತ್ತಾರೆ. ಅವರ ಮುಂದೆ ಕೋಟು ಹಾಕಿಕೊಂಡು ಹೊರಡಬೇಕು. ಅವರು ಬಾಯಿ ಮುಕ್ಕಳಿಸುವುದರೊಳಗೆ ವಾಪಸು ಬರಬೇಕು. ಏನು ಮರೆತಿರಿ ಎಂದು ಕೇಳುತ್ತಾರೆ. ನಾನು ಮೊದಲ ವಾರ ಟಪಾಲಿನವನ ದಾರಿ ನೋಡಲು ಹೋಗಿದ್ದೆ ಎಂದು ಸುಳ್ಳು ಹೇಳಿದೆ. ಎರಡನೆಯ ವಾರವೂ ಅದನ್ನೇ ಹೇಳಿದೆ. ಮೂರನೆಯ ವಾರ (ಟೊಪ್ಪಿಗೆಯಲ್ಲಿ ರೊಟ್ಟಿ ಬಿದ್ದ ವಾರ) ಟಪಾಲಿನವನೇ ಬಂದು, ಯಾವ ಕಾಗದ ಬರಬೇಕಾಗಿದೆ ಎಂದು ನನ್ನನ್ನು ಕೇಳಿದ.

ನಮ್ಮಲ್ಲಿ ರೋಗಿಗೆ ಎರಡೇ ಕೆಲಸ. ಒಂದು ಮಲಗಬೇಕು, ಇಲ್ಲ ಗುಣವಾಗಬೇಕು. ಎರಡನ್ನೂ ಮಾಡದೆ ರಸ್ತೆಗೆ ಬಂದವನನ್ನು ಏನು ಮಾಡಬೇಕೆಂಬುದು ಯಾರಿಗೂ ತಿಳಿಯುವುದಿಲ್ಲ.

ನಾಲ್ಕನೆಯ ವಾರ ಒಂದು ಗುರುವಾರ ನನಗೆ ಛಲೋ ದಿನ ಬಂತು.

ಹಿಂದಿನ ಸಂಜೆ ಮಳೆಯಾಗಿ ಧೂಳು ಅಡಗಿತ್ತು. ಎದೆಯಲ್ಲಿ ಶಿಳ್ಳೆ ಇಲ್ಲ, ಕೆಮ್ಮಿಲ್ಲ. ನಾಲ್ಕನೆಯ ಕಂಬ ಮುಟ್ಟಿ ಹಿಂದಿರುಗಬೇಕು; ಅಷ್ಟರಲ್ಲಿ ನಮ್ಮ ನೆರೆಮನೆಯ ನಿವೃತ್ತ ಮಾಮಲೇದಾರರು ಕೋಲು ಬೀಸುತ್ತ ಬಂದರು. ಅವರಿಗೆ ಎಪ್ಪತ್ತು. ದಿನಾ ಕೆಲಗೇರಿ ಕೆರೆಯ ತನಕ ಹೋಗಿ ಬರುತ್ತಾರೆ, ಬಂದದ್ದನ್ನು ಎಲ್ಲರಿಗೂ ಹೇಳುತ್ತಾರೆ. ನನ್ನನ್ನು ದಾಟುತ್ತ, ಇವತ್ತೂ ಕಂಬ ಕಾಯಲಿಕ್ಕೆ ಬಂದಿರೇನು ಎಂದರು.

ನಾನು ಅವರ ಹಿಂದೆ ಹೊರಟೆ. ಯಾಕೆ ಎಂದು ಕೇಳಬೇಡಿ. ಐದು ಬಂತು, ಆರು ಬಂತು, ಏನೂ ಆಗಲಿಲ್ಲ. ಡಾಕ್ಟರಿಗೆ ಏನೂ ತಿಳಿಯದು ಎಂದುಕೊಂಡೆ. ಏಳನೆಯ ಕಂಬದ ಹತ್ತಿರ ಇದ್ದಿಲು ಗ್ಯಾಸಿನ ಬಸ್ಸೊಂದು ನನ್ನ ಮೈಮೇಲೆಯೇ ಹೊಗೆ ಬಿಟ್ಟು ಹೋಯಿತು. (ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದ ಮೇಲೆ ನಮ್ಮ ಬಸ್ಸುಗಳೂ ನನ್ನ ಹಾಗೆಯೇ ಉಸಿರಾಡುತ್ತವೆ.) ಎಂಟನೆಯ ಕಂಬವನ್ನು ನಾನು ತಬ್ಬಿಕೊಂಡೆ. ಮಾಮಲೇದಾರರು ಬಹಳ ಮುಂದೆ ಹೋಗಿದ್ದರು. ಅವರು ಹಿಂದಿರುಗಿ ನೋಡುವ ಪೈಕಿ ಅಲ್ಲ.

ದಮ್ಮು ಹತ್ತಿದವರಿಗೆ ಒಳಗೆ ಏನಾಗುತ್ತದೆ ಎಂದು ಹತ್ತದವರಿಗೆ ಹೇಳುವುದು ಕಷ್ಟ. ಎದೆಯ ತುಂಬ ಗಾಳಿ ಇರುತ್ತದೆ, ಆದರೂ ಗಾಳಿ ಇರುವುದಿಲ್ಲ. ಕಣ್ಣಿಗೆ ಕತ್ತಲೆ ಕಟ್ಟಿತು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಗಂಗಾಳಿಗೆ ಏನೆಂದು ಹೇಳುತ್ತಾರೆ, ಎಂಟನೆಯ ಕಂಬದ ಹತ್ತಿರ ಏನು ಕೆಲಸವಿತ್ತು ಎಂದು ಹೇಳುತ್ತಾರೆ, ಅದೊಂದೇ ಚಿಂತೆ.

ಆಗ ಒಬ್ಬ ಮುದುಕರು ಬಂದರು. ಹೆಗಲ ಮೇಲೆ ಹತ್ತಿ ಹಿಂಜುವ ದೊಡ್ಡ ಬಿಲ್ಲು, ಕೈಯಲ್ಲಿ ಮರದ ಗುಂಡು. ಪಿಂಜಾರ ಇಮಾಮಸಾಬರು. ಮನೆಮನೆಗೆ ಹೋಗಿ ಹಳೆಯ ಗಾದಿ ಬಿಚ್ಚಿ, ಅರಳೆ ಹಿಂಜಿ, ಮತ್ತೆ ತುಂಬಿ ಕೊಡುವ ಕಸುಬು. ಮುಖ ನೋಡಿ ಗೊತ್ತಿತ್ತು, ಮಾತಾಡಿರಲಿಲ್ಲ.

ಅವರು ಏನಾಯಿತು ಎಂದು ಕೇಳಲಿಲ್ಲ. ಬಿಲ್ಲನ್ನು ಕೆಳಗಿಟ್ಟು, ನನ್ನನ್ನು ಕೂಡಿಸಿ, ಎರಡೂ ಮೊಳಕೈಗಳನ್ನು ಮೊಣಕಾಲ ಮೇಲೆ ಊರಿಸಿದರು.

"ಮಾತಾಡಬ್ಯಾಡ್ರಿ ರಾಯರ. ಒಳಗ ಎಳಕೊಳ್ಳೂದು ಮರತ್ ಬಿಡ್ರಿ. ಹೊರಗ ಬಿಡ್ರಿ. ಬಶ್ಯಾಗಿನ ಬಿಸಿ ಚಹಾ ಊದತೀವಲ್ಲ, ಹಂಗ. ಸಾವಕಾಶ."

ತುಟಿ ಕೂಡಿಸಿ ತಾವೂ ಊದಿ ತೋರಿಸಿದರು. ಇಲ್ಲದ ಬಶಿಯಲ್ಲಿ ಇಲ್ಲದ ಚಹಾವನ್ನು ನಾವಿಬ್ಬರೂ ಬಹಳ ಹೊತ್ತು ಆರಿಸಿದೆವು. ಉಸಿರು ತಿರುಗಿತು. ಅವರೇ ಒಂದು ಚಕ್ಕಡಿ ನಿಲ್ಲಿಸಿ ನನ್ನನ್ನು ಮನೆ ಮುಟ್ಟಿಸಿದರು.

ಒಂಬತ್ತು ದಿನ ಹಾಸಿಗೆ ಹಿಡಿದೆ. ಎರಡು ವಾರ ಈ ಜಾಗದಲ್ಲಿ ಕೂದಲೆಣ್ಣೆಯ ಜಾಹೀರಾತು ಬಂದದ್ದು ಅದಕ್ಕೇ. (ಅಂಕಣ ಯಾಕಿಲ್ಲ ಎಂದು ಕೇಳಿ ಯಾರೂ ಕಾಗದ ಬರೆಯಲಿಲ್ಲ. ಎಣ್ಣೆ ಎಲ್ಲಿ ಸಿಗುತ್ತದೆ ಎಂದು ಇಬ್ಬರು ಬರೆದಿದ್ದರು.)

ಡಾಕ್ಟರು ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಒಂದನೆಯ ಕಂಬದಿಂದ ಶುರು ಮಾಡಿ ಎಂದರು. ನಾನು ನಾಲ್ಕಕ್ಕೆ ಬಂದಿದ್ದೆನಲ್ಲ ಎಂದೆ.

"ನಾಲ್ಕಕ್ಕ ಬಂದಿದ್ರ ನಾಲ್ಕರಿಂದನ ಮುಂದ ಹೋಗಬಹುದಿತ್ತು. ನೀವು ಎಂಟಕ್ಕ ಹೋಗಿ ಬಂದೀರಿ. ಅದಕ್ಕ ಒಂದು."

ಮೂರನೆಯ ದಿನ ಇಮಾಮಸಾಬರು ಹೇಗಿದ್ದೇನೆಂದು ಕೇಳಲು ಬಂದರು. ಕಟ್ಟೆಯ ಮೇಲೆ ಕೂತರು. ಗಂಗಾ ಚಹಾ ಕೊಟ್ಟಳು, ಬೇರೆ ಇಟ್ಟಿದ್ದ ಲೋಟದಲ್ಲಿ. (ನಮ್ಮ ಮನೆಗಳು ಹೇಗೆ ಎಂದು ನಿಮಗೆ ಗೊತ್ತು. ನಿಮ್ಮವೂ ಹಾಗೆಯೇ.) ಆ ಊದುವ ವಿದ್ಯೆ ಎಲ್ಲಿ ಕಲಿತಿರಿ ಎಂದು ಕೇಳಿದೆ.

ಅವರಿಗೂ ದಮ್ಮು. ಇಪ್ಪತ್ತು ವರ್ಷದ್ದು. ಹಿಂಜುವಾಗ ಹಾರುವ ಅರಳೆಯ ಧೂಳು ಎದೆ ಸೇರುತ್ತದೆ. ಅವರ ತಂದೆಗೂ ಇತ್ತು, ಅಣ್ಣನಿಗೂ ಇತ್ತು. ಗಾದಿ ಹಿಂಜುವುದು ನಿಂತು ಮೂರು ವರ್ಷವಾಗಿತ್ತು. ಈಗ ಬರೀ ತಲೆದಿಂಬು. ಅದಕ್ಕೂ ಎರಡು ದಿನ ಹಿಡಿಯುತ್ತಿತ್ತು. ಹೆಂಡತಿ ತೀರಿಕೊಂಡಿದ್ದರು. ನಾಲ್ಕನೆಯ ಕಂಬದ ಹತ್ತಿರ ಹೊಲದ ಬದಿಯಲ್ಲಿ ನಾಲ್ಕಾರು ಪಿಂಜಾರರ ಮನೆಗಳಿವೆ. ಅದರಲ್ಲೊಂದರಲ್ಲಿ ಅವರು, ಮಗಳು ಮಾಬೂಬಿ.

ಮಾಬೂಬಿಯ ಮದುವೆ ಗೊತ್ತಾಗಿತ್ತು. ಗಂಡು ಗರಗದವನು. ಇನ್ನು ಮೂರೂವರೆ ತಿಂಗಳು. ಅವರ ಮನೆತನದಲ್ಲಿ ಮಗಳಿಗೆ ಕೊಡುವ ಗಾದಿಯನ್ನು ತಂದೆಯೇ ಹಿಂಜಬೇಕು. ಅಜ್ಜ ಹಿಂಜಿದ್ದರು, ಅಪ್ಪ ಹಿಂಜಿದ್ದರು. ತಮ್ಮನ ಮಗ ತಾನು ಹಿಂಜಿ ಕೊಡುತ್ತೇನೆ ಎಂದು ಬಂದಿದ್ದನಂತೆ. ಇಮಾಮಸಾಬರು ಅವನಿಗೆ ಉತ್ತರ ಕೊಟ್ಟಿರಲಿಲ್ಲ.

"ಊರ ಮಂದಿ ಎಲ್ಲಾರ್ದೂ ಗಾದಿ ಹಿಂಜೇನ್ರಿ," ಎಂದರು, ಲೋಟವನ್ನು ಕೆಳಗಿಡುತ್ತ. "ನನ್ನ ಮಗಳು ಬ್ಯಾರೇದವ್ರು ಹಿಂಜಿದ್ದರ ಮ್ಯಾಲ ಹ್ಯಾಂಗ ಮಲಗಬೇಕ್ರಿ?"

ನನ್ನಲ್ಲಿ ಡಾಕ್ಟರ ಚೀಟಿ ಇತ್ತು. ತೋರಿಸಿದೆ.

ಅವರಿಗೆ ಓದು ಬರುತ್ತಿರಲಿಲ್ಲ. ವಿವರಿಸಿ ಹೇಳಿದೆ: ಆಗುವುದರಲ್ಲಿ ಅರ್ಧ, ದಿನಾ, ವಾರಕ್ಕೊಂದಿಷ್ಟು ಹೆಚ್ಚು. ಬಿಲ್ಲಿಗೂ ಡಾಕ್ಟರು ಬೇಕೇನು ಎಂದು ನಕ್ಕರು. ಮರುದಿನ ಮತ್ತೆ ಬಂದು, ನಿನ್ನೆ ಗುಂಡಿನಿಂದ ಬಿಲ್ಲಿನ ಹುರಿಗೆ ಇನ್ನೂರು ಪೆಟ್ಟು ಹಾಕುವುದರೊಳಗೆ ಕೆಮ್ಮು ಹತ್ತಿತು ಎಂದರು. ಅಂದರೆ ನೂರು ಎಂದೆ. ಡಾಕ್ಟರು ಬಂದಾಗ ಅವರನ್ನೂ ಕೇಳಿದೆ. ಕೆಲಸವನ್ನೇ ಬಿಟ್ಟರೆ ಒಳ್ಳೆಯದು ಎಂದರು ಡಾಕ್ಟರು. ಇಮಾಮಸಾಬರು ಬಿಡುವುದಿಲ್ಲ ಎಂದಾಗ, ಮನೆಯೊಳಗೆ ಬೇಡ, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತು ಹಿಂಜಿ, ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ, ನೂರಾದರೆ ನೂರೇ ಎಂದರು.

ಹೀಗೆ ನಮ್ಮಿಬ್ಬರ ಎಕ್ಸರ್ಸೈಜು ಶುರುವಾಯಿತು. ಬೆಳಿಗ್ಗೆ ಅವರು ನಮ್ಮ ಮನೆಗೆ ಬರುತ್ತಿದ್ದರು. ಇಬ್ಬರೂ ಕೂಡಿ ಒಂದು ಕಂಬ. ಆಮೇಲಿನ ವಾರ ಎರಡು. ಒಬ್ಬನೇ ಕಂಬ ಮುಟ್ಟಿ ಬಂದರೆ ಜನ ನಗುತ್ತಾರೆ. ಇಬ್ಬರು ಹೋದರೆ ಏನೋ ವ್ಯವಹಾರ ಇರಬೇಕು ಎಂದುಕೊಳ್ಳುತ್ತಾರೆ. ಮಧ್ಯಾಹ್ನ ಅವರು ಮನೆಯ ಮುಂದಿನ ಬಯಲಿನಲ್ಲಿ ಬಿಲ್ಲು ಹಿಡಿಯುತ್ತಿದ್ದರು.

ಅವರ ಕಷ್ಟ ನನ್ನದಕ್ಕಿಂತ ದೊಡ್ಡದು. ಕಂಬ ತಾನೇ ನಿಂತಿರುತ್ತದೆ, ಅಲ್ಲಿಗೆ ಹೋದರೆ ಮುಗಿಯಿತು ಎಂದು ಕಣ್ಣಿಗೆ ಕಾಣುತ್ತದೆ. ಬಿಲ್ಲಿನ ನಾದ ಹತ್ತಿತೆಂದರೆ ಕೈ ನಿಲ್ಲುವುದಿಲ್ಲ ಎನ್ನುತ್ತಿದ್ದರು. ಐವತ್ತು ವರ್ಷ ಯಾರೂ ಆ ಕೈಗೆ ಸಾಕು ಎಂದಿರಲಿಲ್ಲ. ಅದಕ್ಕೆ ಮಾಬೂಬಿ ಬಾಗಿಲಲ್ಲಿ ಕೂತು ಎಣಿಸುತ್ತಿದ್ದಳು. ನೂರಾದ ತಕ್ಷಣ ಬಂದು ಅವರ ಕೈಯಿಂದ ಗುಂಡನ್ನು ತೆಗೆದುಕೊಳ್ಳುತ್ತಿದ್ದಳು. ಹದಿನೆಂಟರ ಹುಡುಗಿ, ಮಾತು ಕಡಿಮೆ.

ವಾರಗಳು ಹೋದವು. ಎದೆ ಬಿಗಿದ ವಾರ ಲೆಕ್ಕ ಹೆಚ್ಚಾಗಲಿಲ್ಲ, ಇದ್ದಲ್ಲೇ ನಿಂತಿತು. ನನ್ನದು ಐದಾಯಿತು, ಆರಾಯಿತು. ಅವರದು ಇನ್ನೂರು ದಾಟಿತು, ಮುನ್ನೂರು ದಾಟಿತು. ಹಿಂಜಿದ ಅರಳೆ ಅವರ ಮನೆಯ ಮೂಲೆಯಲ್ಲಿ ಹಳೆಯ ಸೀರೆಯ ಕೆಳಗೆ ಬೆಳೆಯುತ್ತ ಬಂತು. ಕೋರ್ಟಿನಲ್ಲಿ ನಾನು ಗುಂಡಿ ಹಾಕಿಕೊಂಡೇ ಮೆಟ್ಟಿಲು ಹತ್ತುವುದನ್ನು ಕಂಡು ಗೆಳೆಯರು ಗುಣವಾಯಿತೇನು ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಯಾಕೆ ನಡೆಯುತ್ತೀರಿ ಎಂದರು. ಈ ಪ್ರಶ್ನೆಗೆ ಉತ್ತರ ಕೊಡುವುದನ್ನು ನಾನು ಬಿಟ್ಟಿದ್ದೇನೆ. ಗುಣವಾಗುವ ಹಾಗಿದ್ದರೆ ಮಾತ್ರ ಊಟ ಮಾಡಬೇಕೆಂದು ಯಾರೂ ಹೇಳುವುದಿಲ್ಲವಲ್ಲ?

ನನ್ನ ಒಂಬತ್ತನೆಯ ಕಂಬದ ವಾರ. ಮದುವೆಗೆ ಇನ್ನು ಹದಿನೈದು ದಿನ. ಗಾದಿಯ ಅರಳೆ ಮೂರರಲ್ಲಿ ಎರಡು ಪಾಲು ಮುಗಿದಿತ್ತು.

ಆ ದಿನ ಬೆಳಿಗ್ಗೆ ಇಮಾಮಸಾಬರು ಬರಲಿಲ್ಲ. ನಾನೇ ಅವರ ಮನೆಗೆ ಹೋದೆ. ಪಿಂಜಾರರ ಸಾಲೆಲ್ಲ ಖಾಲಿ. ಶಿರಗುಪ್ಪಿಯಲ್ಲಿ ಅವರ ಪೈಕಿ ಯಾರದೋ ಮದುವೆ. ಹಿಂದಿನ ದಿನವೇ ಎಲ್ಲರೂ ಗಾಡಿ ಕಟ್ಟಿಕೊಂಡು ಹೋಗಿದ್ದರು. ಮದುವೆ ಗೊತ್ತಾದ ಹುಡುಗಿ ಊರೂರು ತಿರುಗಬಾರದೆಂದು ಮಾಬೂಬಿ ಉಳಿದಿದ್ದಳು. ಅರಳೆ ಬಾಕಿ ಇದೆಯೆಂದು ಅಪ್ಪ ಉಳಿದಿದ್ದರು.

ಬಾಗಿಲು ತೆರೆದಿತ್ತು. ಒಳಗೆಲ್ಲ ಅರಳೆಯ ಧೂಳು. ಇಮಾಮಸಾಬರು ಗೋಡೆಗೆ ಒರಗಿದ್ದರು, ತುಟಿ ನೀಲಿಯಾಗಿತ್ತು. ಮಾಬೂಬಿ ಎರಡೂ ಕೈಯಿಂದ ಅವರ ಭುಜ ಹಿಡಿದು ಕೂತಿದ್ದಳು. ಕೈ ಬಿಟ್ಟರೆ ಅವರು ವಾಲುತ್ತಿದ್ದರು.

ಆಕೆ ತುಂಡು ತುಂಡಾಗಿ ಹೇಳಿದಳು. ಬೆಳಿಗ್ಗೆ ಎದ್ದಾಗ ಅಪ್ಪನಿಗೆ ಬಹಳ ಹಗುರೆನಿಸಿತಂತೆ. ಆಕೆ ನೀರಿಗೆ ಹೋಗಿದ್ದಳು. ಸಾಲಿನಲ್ಲಿ ಬೇಡ ಎನ್ನುವವರು ಯಾರೂ ಇರಲಿಲ್ಲ. ಅರಳೆ ಹಾರಬಾರದೆಂದು ಒಳಗೇ ಕೂತು, ಒದ್ದೆ ಬಟ್ಟೆಯಿಲ್ಲದೆ, ಒಂದೇ ಸಲಕ್ಕೆ ಮುಗಿಸಿಬಿಡೋಣವೆಂದು ಬಿಲ್ಲು ಹಿಡಿದಿದ್ದರು.

ಛಲೋ ದಿನ. ನನಗೆ ಅದರ ಪರಿಚಯವಿತ್ತು.

ಮೊದಲು ಅವರಿಬ್ಬರನ್ನೂ ಬಾಗಿಲ ಹೊರಗಿನ ಗಾಳಿಗೆ ತಂದು ಕೂಡಿಸಿದೆ. ಊದಿರಿ ಎಂದೆ. ಊದುವುದಕ್ಕೆ ಅವರಲ್ಲಿ ಏನೂ ಉಳಿದಿರಲಿಲ್ಲ. ಡಾಕ್ಟರು ಬರಲೇಬೇಕು. ಆ ಹೊತ್ತಿಗೆ ರಸ್ತೆಯಲ್ಲಿ ಟಾಂಗಾ, ಚಕ್ಕಡಿ ಯಾವುದೂ ಇಲ್ಲ. ದವಾಖಾನೆ ಪೇಟೆಯಲ್ಲಿ. ಇಮಾಮಸಾಬರ ಮನೆಯಿಂದ ನಮ್ಮ ಮನೆಗೆ ನಾಲ್ಕು ಕಂಬ, ಅಲ್ಲಿಂದ ಪೇಟೆಗೆ ಹತ್ತು. ನನ್ನ ಲೆಕ್ಕ ಒಂಬತ್ತಕ್ಕೆ ಮುಗಿಯುತ್ತಿತ್ತು; ಅಲ್ಲಿ ಬಹಳ ಹೊತ್ತು ಕೂತೇ ಹಿಂದಿರುಗುತ್ತಿದ್ದೆ.

ಹೊರಟೆ.

ಓದುಗರೇ, ಒಬ್ಬ ಮನುಷ್ಯ ಸಾಯುತ್ತಿರುವಾಗ ಅವನಿಗಾಗಿ ನಿಧಾನವಾಗಿ ನಡೆದಿದ್ದೀರಾ? ಕಾಲು ಓಡು ಎನ್ನುತ್ತದೆ. ಓಡಿದರೆ ಎರಡನೆಯ ಕಂಬದಲ್ಲಿ ನಾನು ಬೀಳುತ್ತೇನೆ. ಆಮೇಲೆ ದಾರಿಯಲ್ಲಿ ಒಬ್ಬ, ಮನೆಯಲ್ಲಿ ಒಬ್ಬ. ಅದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದರೂ ಪ್ರತಿ ಹೆಜ್ಜೆಗೂ ನಾಚಿಕೆಯಾಗುತ್ತಿತ್ತು. ಪ್ರತಿ ಕಂಬಕ್ಕೂ ಕೈ ಊರಿ ನಿಂತೆ. ಐದು ಸಲ ಊದಿದೆ. ಮುಂದೆ ಹೋದೆ.

ನಮ್ಮ ಮನೆಯ ಮುಂದೆ ಗಂಗಾ ರಂಗೋಲಿ ಹಾಕುತ್ತಿದ್ದಳು. ನನ್ನ ಮುಖ ನೋಡಿ ಎದ್ದು ಒಳಗೆ ಬನ್ನಿ ಎಂದಳು. ಇಮಾಮಸಾಬರಿಗೆ ದಮ್ಮು ಜೋರಾಗಿದೆ, ಹುಡುಗಿ ಒಬ್ಬಳೇ ಇದ್ದಾಳೆ ಎಂದೆ. ಅವಳು ರಂಗೋಲಿಯ ಬಟ್ಟಲನ್ನು ಕೆಳಗಿಟ್ಟಳು.

"ನೀವು ಡಾಕ್ಟರ ಕಡೆ ಸಾವಕಾಶ ಹೋಗ್ರಿ. ನಾ ಅಲ್ಲಿಗೆ ಹೋಗ್ತೀನಿ."

ನನ್ನ ಗುಳಿಗೆಯ ಡಬ್ಬಿ, ಬಿಸಿನೀರಿನ ಚೊಂಬು ತೆಗೆದುಕೊಂಡು ಹೊರಟೇಬಿಟ್ಟಳು. ಹನ್ನೆರಡು ವರ್ಷ ನನ್ನ ಬೆನ್ನು ಹಿಡಿದು ಕೂತವಳು. ದಮ್ಮು ಹತ್ತಿದವರನ್ನು ಹೇಗೆ ಕೂಡಿಸಬೇಕು, ಎಷ್ಟು ಬಾಗಿಸಬೇಕು, ಯಾವಾಗ ಬಿಸಿನೀರು ಕೊಡಬೇಕು ಎಂಬುದು ಈ ಊರಿನಲ್ಲಿ ಅವಳಷ್ಟು ಯಾರಿಗೂ ಗೊತ್ತಿಲ್ಲ.

ಮುಂದೆ ಪರಿಚಯದ ಒಬ್ಬರು ಸೈಕಲ್ ಮೇಲೆ ಪೇಟೆಯ ಕಡೆಗೆ ಹೊರಟಿದ್ದರು. ನಿಲ್ಲಿಸಿ ಹೇಳಿದೆ. ಈಗಲೇ ಹೇಳುತ್ತೇನೆ, ನೀವು ಮನೆಗೆ ಹೋಗಿ ಎಂದರು. ಹೋಗಿಬಿಡಬಹುದಿತ್ತು. ಯಾಕೋ ಹೋಗಲಿಲ್ಲ. ಹನ್ನೊಂದನೆಯ ಕಂಬದ ಎದುರಿನ ಹೋಟೆಲ್ಲಿನಲ್ಲಿ ಅವರು ಚಹಾ ಕುಡಿಯುತ್ತಿದ್ದರು. ನನ್ನನ್ನು ಕಂಡು ಕೈ ಬೀಸಿದರು. ಕೆಟ್ಟವರಲ್ಲ. ಉಸಿರು ಎಂಬುದು ಒಂದು ಅವಸರದ ವಸ್ತು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಹನ್ನೆರಡರಲ್ಲಿ ಎದೆಯಲ್ಲಿ ಶಿಳ್ಳೆ ಶುರುವಾಯಿತು. ಹದಿಮೂರರಲ್ಲಿ ಕೂತೆ, ಎದ್ದೆ. ಹದಿನಾಲ್ಕನ್ನು ನೋಡಿದ ನೆನಪಿಲ್ಲ.

ದವಾಖಾನೆಯಲ್ಲಿ ಬಾಯಿ ತೆರೆದರೆ ಮಾತು ಹೊರಡಲಿಲ್ಲ. ಡಾಕ್ಟರು ನನ್ನನ್ನು ಕಂಡದ್ದೇ ಬೆಂಚಿನ ಮೇಲೆ ಕೂಡಿಸಿ, ತೋಳು ಮೇಲೆ ಸರಿಸಿ, ಸೂಜಿಗೆ ಔಷಧ ಏರಿಸತೊಡಗಿದರು. ನಾನು ತೋಳು ಕಸಿದುಕೊಂಡೆ. ಅವರು ಮತ್ತೆ ಹಿಡಿದರು. ಈ ಜಗ್ಗಾಟದಲ್ಲಿ ಮೇಜಿನ ಮೇಲಿನ ಪೆನ್ಸಿಲು ಕೈಗೆ ಸಿಕ್ಕಿತು. ಗೋಡೆಯ ಮೇಲೆಯೇ ಬರೆದೆ: 'ನಾನಲ್ಲ. ಇಮಾಮಸಾಬ್.'

ಡಾಕ್ಟರು ಓದಿದರು. ಚೀಲ ತೆಗೆದುಕೊಂಡರು. ಸೈಕಲ್ ಹತ್ತಿ ಹೋದರು.

ನಾನು ಬೆಂಚಿನ ಮೇಲೆಯೇ ಊದುತ್ತ ಕೂತೆ; ಆಮೇಲೆ ಅಲ್ಲಿ ನಡೆದದ್ದನ್ನು ಗಂಗಾ ಹೇಳಿದಳು. ಅವಳು ಹೋದಾಗ ಇಮಾಮಸಾಬರ ತಲೆ ಜೋತು ಬಿದ್ದಿತ್ತು. ಅವರ ಹಿಂದೆ ಗೋಡೆಗೆ ಬೆನ್ನು ಕೊಟ್ಟು ಕೂತು, ತನ್ನ ಮೊಣಕಾಲನ್ನು ಅವರ ಬೆನ್ನಿಗೆ ಊರಿ, ನನ್ನ ಗುಳಿಗೆಯನ್ನು ಪುಡಿ ಮಾಡಿ ನಾಲಿಗೆಗೆ ಹಾಕಿದ್ದಳು. ಡಾಕ್ಟರು ಬಂದು ಸೂಜಿ ಚುಚ್ಚಿದರು. ಮೊದಲ ಸೂಜಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಇಮಾಮಸಾಬರು ಕಣ್ಣು ತೆರೆದರು. ತಮ್ಮ ಹಿಂದೆ ಯಾರು ಕೂತಿದ್ದಾರೆಂದು ತಿರುಗಿ ನೋಡಿ, ಎದ್ದು ಸರಿಯಲು ಹೊರಟರಂತೆ. ಸುಮ್ಮನೆ ಕೂಡ್ರಿ ಕಾಕಾ ಎಂದಳಂತೆ ಗಂಗಾ. ಇದನ್ನು ಅವಳು ಹೇಳಲಿಲ್ಲ. ಮಾಬೂಬಿ ಹೇಳಿದಳು.

ಈಗ ನಮ್ಮ ಮನೆಯಲ್ಲಿ ಇಮಾಮಸಾಬರಿಗೆ ಕೈಗೆ ಸಿಕ್ಕ ಲೋಟದಲ್ಲಿ ಚಹಾ ಬರುತ್ತದೆ. ನಾನು ಗಮನಿಸಿಲ್ಲ ಎಂದು ಗಂಗಾ ತಿಳಿದುಕೊಂಡಿದ್ದಾಳೆ.

ಸಂಜೆ ಡಾಕ್ಟರು ನನ್ನನ್ನು ನೋಡಲು ಬಂದರು. ಎಷ್ಟು ನಡೆದಿರಿ ಎಂದರು. ಹದಿನಾಲ್ಕು ಎಂದೆ. ನಾಳೆ ಎಷ್ಟು ಎಂದರು. ಒಂಬತ್ತು ಎಂದೆ.

"ಐದು," ಎಂದರು. ಬಾಗಿಲ ಹತ್ತಿರ ನಿಂತು, "ನಿಂತು ನಿಂತು ಬಂದ್ರಂತ. ಛಲೋ ಮಾಡಿದ್ರಿ," ಎಂದು ಸೇರಿಸಿದರು. ಅವರಿಂದ ನಾನು ಕೇಳಿದ ಹೊಗಳಿಕೆ ಇದೊಂದೇ. ಗೋಡೆಯ ಮೇಲಿನ ಅಕ್ಷರವನ್ನು ಅಳಿಸಲು ಯಾವಾಗ ಬರುತ್ತೀರಿ ಎಂದೂ ಕೇಳಿದರು.

ಉಳಿದದ್ದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಅರಳೆ. ಮದುವೆಗೆ ಹನ್ನೆರಡು ದಿನವಿರುವಾಗ ಇಮಾಮಸಾಬರು ಎದ್ದು ಕೂತರು. ಡಾಕ್ಟರು ಬಿಲ್ಲಿನ ಹತ್ತಿರ ಹೋಗಕೂಡದು ಎಂದಿದ್ದರು. ಶಿರಗುಪ್ಪಿಯಿಂದ ಬಂದ ತಮ್ಮನ ಮಗ ಮತ್ತೆ ಕೇಳಿದ. ಇಮಾಮಸಾಬರು ಗೋಡೆಯ ಕಡೆಗೆ ಮುಖ ತಿರುಗಿಸಿದರು. ನಾನು ಅಲ್ಲೇ ಇದ್ದೆ. ಅರವತ್ತು ದಾಟಿದ ಗಂಡಸು ಸದ್ದಿಲ್ಲದೆ ಅಳುವುದನ್ನು ನೋಡುವುದು ಸುಲಭವಲ್ಲ. ನಾನು ಚಾವಣಿ ನೋಡಿದೆ.

ಮಾಬೂಬಿ ಒಳಗಿನಿಂದ ಬಂದಳು. ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದಳು. ಬಿಲ್ಲನ್ನು ಎತ್ತಿಕೊಂಡು ಬಯಲಿಗೆ ಹೋದಳು. ಅವರ ಜನರಲ್ಲಿ ಹೆಣ್ಣುಮಕ್ಕಳು ಅರಳೆ ಬಿಡಿಸುತ್ತಾರೆ, ಗಾದಿ ಹೊಲಿಯುತ್ತಾರೆ, ಬಿಲ್ಲು ಮುಟ್ಟುವುದಿಲ್ಲ. ತಮ್ಮನ ಮಗ ಏನೋ ಹೇಳಲು ಹೋದ. ಆಕೆ ಅವನನ್ನು ನೋಡಲೂ ಇಲ್ಲ.

"ಅಪ್ಪಾ, ನೀ ಎಣಸು. ನಾ ಹೊಡೀತೀನಿ."

ಇಮಾಮಸಾಬರು ಗೋಡೆ ಹಿಡಿದು ಎದ್ದರು. ಧೂಳು ತಾಕದ ಹಾಗೆ ಗಾಳಿಯ ಆಚೆ ಬದಿಗೆ ಬಂದು ಕೂತರು. ಮೊದಮೊದಲು ಪೆಟ್ಟು ತಪ್ಪುತ್ತಿತ್ತು, ಬಿಲ್ಲು ಕರ್ಕಶವಾಗಿ ಕೂಗುತ್ತಿತ್ತು. ಅವರು ಎಣಿಸುವುದನ್ನು ನಿಲ್ಲಿಸಿ, ಮಣಿಕಟ್ಟು ಸಡಿಲ ಬಿಡು ಎನ್ನುತ್ತಿದ್ದರು. ಮೂರನೆಯ ದಿನ ನಾದ ಹತ್ತಿತು. ಪ್ರತಿ ನೂರಕ್ಕೂ ಸಾಕು, ದಣಿವಾರಿಸಿಕೊಂಡು ಮತ್ತೆ ಹಿಡಿ ಎಂದರು. ಆಕೆ ಗುಂಡು ಕೆಳಗಿಟ್ಟಳು. ಎಷ್ಟು ಸುಲಭವಾಗಿ ಇಟ್ಟಳೆಂದರೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಹೋದ ಭಾನುವಾರ ಮದುವೆಯಾಯಿತು. ಗಾದಿ ಗಾಡಿಯ ಮೇಲೆ ಗರಗಕ್ಕೆ ಹೋಯಿತು. ಇಮಾಮಸಾಬರೂ ಗಾಡಿಯಲ್ಲೇ ಹೋದರು, ಹೆಮ್ಮೆಗೆಂದು ಕೂಡ ನಡೆಯಲಿಲ್ಲ. ವಾಪಸು ಬಂದ ಮೇಲೆ, ಗಾದಿಯಲ್ಲಿ ಯಾವ ಪಾಲು ಚೆನ್ನಾಗಿ ಬಂತು ಎಂದು ಕೇಳಿದೆ. ಮಗಳದು ಎಂದರು. ಯಾಕೆ ಎಂದೆ.

"ನನಗ ಮುಗಸೂದಿತ್ರಿ ರಾಯರ. ಆಕಿಗೆ ಹಿಂಜೂದಿತ್ತು."

ನಾವಿಬ್ಬರೂ ಗುಣವಾಗಿಲ್ಲ. ಗುಣವಾಗುವ ಪೈಕಿಯೂ ಅಲ್ಲ. ಇವತ್ತು ಬೆಳಿಗ್ಗೆ ನನ್ನ ಮೈ ಬಹಳ ಹಗುರಾಗಿತ್ತು. ಈ ವಾರದ ಲೆಕ್ಕದ ಏಳನೆಯ ಕಂಬ ಮುಟ್ಟಿ ವಾಪಸು ಬಂದೆ. ಎಂಟು ಗಂಟೆಯಾಗಿತ್ತು, ಪೇಟೆಯ ರಸ್ತೆ ಆಗಲೇ ಓಡುತ್ತಿತ್ತು. ಗಟ್ಟಿ ಎದೆಯವರು ಗಟ್ಟಿ ಎದೆಯವರನ್ನು ತಳ್ಳಿಕೊಂಡು ಮುಂದೆ ಹೋಗುತ್ತಿದ್ದರು. ಅವರಲ್ಲಿ ನಮ್ಮ ಓದುಗರೂ ಕೆಲವರಿದ್ದರು, ನಮಸ್ಕಾರಕ್ಕೂ ನಿಲ್ಲಲಿಲ್ಲ.

ನೀವೇ ಹೇಳಿ: ಇನ್ನೂ ಸ್ವಲ್ಪ ಆಗುತ್ತದೆ ಎನ್ನುವಾಗಲೇ, ಯಾರೂ ಸಾಕು ಎನ್ನದೆ, ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನೀವು ಎದ್ದು ಬಂದದ್ದು ಯಾವಾಗ?